ಗೋಡೆಯ ಮೇಲಿನ ಮೂರನೆಯ ಹುಡುಗಿ

ಗಿರಣಿಯ ಗೋಡೆಯ ಮೇಲೆ ನಾವು ಚಿತ್ರ ಬರೆದದ್ದು ಇಬ್ಬರು ಹುಡುಗಿಯರದು. ಒಂದು ಸಂಜೆ ನೋಡಿದರೆ ಚಿತ್ರದಲ್ಲಿ ಮೂವರಿದ್ದರು. ಮೂರನೆಯವಳಿಗೆ ಬಾಯಿಯೇ ಇರಲಿಲ್ಲ.

ಎಪ್ಪತ್ತರ ದಶಕದ ಮಾತು. ಅಕ್ಕಿಆಲೂರಿನಲ್ಲಿ ಸಂಜೆ ಹೈಸ್ಕೂಲು ಬಿಟ್ಟ ಮೇಲೆ ನಾನು ಮತ್ತು ಗೆಳತಿ ಗಿರಿಜಾ ಅಕ್ಕಿ ಗಿರಣಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ದೆವ್ವದ ಚಿತ್ರಕಥೆ ಬರೆಯುತ್ತಿದ್ದೆವು, ದಿನಕ್ಕೊಂದು ಚಿತ್ರ. ಗಿರಣಿಯ ಕಿಂಡಿಯಲ್ಲಿ ಒಮ್ಮೆ ಎರಡು ಕಣ್ಣು ಮಿನುಗಿದ್ದನ್ನು ಕಂಡು ಹೆದರಿ ಹುಟ್ಟಿಸಿದ ದೆವ್ವ ಅದು. ಅದಕ್ಕೆ ಕೋರೆಹಲ್ಲು ಇಟ್ಟು, ಚಿತ್ರದಲ್ಲಿದ್ದ ನಮ್ಮಿಬ್ಬರ ಬೆನ್ನು ಹತ್ತಿಸಿದ್ದೆವು.

“ಇದನ್ನ ನೀ ಬರದಿಯೇನ?” ಆ ಸಂಜೆ ಗೋಡೆಯ ಮೇಲಿನ ಬಾಯಿಲ್ಲದ ಮೂರನೆಯವಳನ್ನು ತೋರಿಸಿ ಗಿರಿಜಾ ಕೇಳಿದಳು. ನಾನು ಬರೆದಿರಲಿಲ್ಲ. ಹಾಗೆನ್ನುವ ಮೊದಲೇ ಹಿಂದಿನಿಂದ ತಣ್ಣನೆಯ ಕೈಯೊಂದು ನನ್ನ ಜಡೆ ಮುಟ್ಟಿತು. ಚೀರಿ ತಿರುಗಿದರೆ, ಮೈತುಂಬ ತೌಡಿನ ಧೂಳು ಮೆತ್ತಿಕೊಂಡ ನಮ್ಮದೇ ವಯಸ್ಸಿನ ಹುಡುಗಿ. ಮುಷ್ಟಿಯಲ್ಲಿ ಇದ್ದಿಲಿನ ಚೂರು. ಬಾಯಿ ತೆರೆದಳು, ದನಿ ಬರಲಿಲ್ಲ. ಅಷ್ಟರಲ್ಲಿ ಗಿರಣಿಯಲ್ಲಿ ಅಕ್ಕಿ ಕೇರುತ್ತಿದ್ದ ಅವಳ ತಾಯಿ ಮೊರ ಹಿಡಿದೇ ಓಡಿ ಬಂದರು.

“ಅಂಜಬ್ಯಾಡ್ರಿ ಯವ್ವಾ, ಅಕಿಗೆ ಮಾತು ಬರಂಗಿಲ್ಲ. ದಿನಾ ಕಿಂಡ್ಯಾಗಿಂದ ನಿಮ್ಮನ್ನ ನೋಡ್ತಾಳ.”

ಅಂದರೆ ನಾವು ಕೋರೆಹಲ್ಲು ಇಟ್ಟದ್ದು ಇವಳಿಗೇ. ಅವಳು ಮಾತ್ರ ತನ್ನನ್ನು ನಮ್ಮ ಪಕ್ಕದಲ್ಲಿ ಬರೆದುಕೊಂಡಿದ್ದಳು.

ಲಂಗದ ಅಂಚಿನಿಂದ ದೆವ್ವವನ್ನು ಆಗಲೇ ಒರೆಸಿದೆವು. ಹಲ್ಲು ಅಳಿಸಿಹೋಯಿತು, ಕಣ್ಣು ಪೂರ್ತಿ ಅಳಿಯಲಿಲ್ಲ. ಇಂದಿಗೂ ಕಿಟಕಿಯ ಆಚೆಯಿಂದ ಯಾರಾದರೂ ನೋಡುತ್ತಿದ್ದರೆ ಎದೆ ಝಲ್ಲೆನ್ನುತ್ತದೆ. ಆಮೇಲೆ ಎದ್ದು ಹೋಗಿ ಬಾಗಿಲು ತೆರೆಯುತ್ತೇನೆ.