ಕಾಕಾ ಕುಡಿದ ಸೋರೆಕಾಯಿ ಜ್ಯೂಸು

ಕಳೆದ ಮಂಗಳವಾರ ಬೆಳಿಗ್ಗೆ ನಾನು ನೈಟಿಯಲ್ಲೇ, ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಒಂಬತ್ತನೇ ಮಹಡಿಯಿಂದ ಆರನೆಯದಕ್ಕೆ ಮೆಟ್ಟಿಲಿಳಿದು ಓಡಿದೆ. (ಲಿಫ್ಟಿಗೆ ಕಾಯುವ ತಾಳ್ಮೆ ಯಾರಿಗಿತ್ತು?) ಕಾರಣ, ಒಂದು ಸೋರೆಕಾಯಿ.

ಮರಾಠಿ ನಾಡಿನ ಖಾರಘರದ ನಮ್ಮ ಬಾಲ್ಕನಿಯಲ್ಲಿ ನಾನೇ ಬೀಜ ಹಾಕಿ ಬೆಳೆದದ್ದು. ಉಡುಪಿಯಿಂದ ಅಕ್ಕ ಕೊಟ್ಟ ಬೀಜ, ಪೇಂಟಿನ ಹಳೇ ಡಬ್ಬ. ಬಳ್ಳಿ ಗ್ರಿಲ್ ಹಿಡಿದು ಹತ್ತಿತು. ಸಂಜೆ ಬಿಳಿ ಹೂ ಅರಳುತ್ತಿತ್ತು. ಆದರೆ ಅಷ್ಟೆತ್ತರಕ್ಕೆ ಪತಂಗ ಬರಬೇಕಲ್ಲ? ಮಿಡಿಗಳೆಲ್ಲ ಹಳದಿಯಾಗಿ ಉದುರಿದವು. ಕೊನೆಗೆ ನಾನೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿದೆ. ಎರಡು ಕಾಯಿ ನಿಂತವು. ನನ್ನ ಜಂಬ ಕೇಳಬೇಡಿ.

ದೊಡ್ಡ ಕಾಯಿಯನ್ನು ಸೋಮವಾರ ಸಂಜೆ ಆರನೇ ಮಹಡಿಯ ಕುಲಕರ್ಣಿ ಕಾಕಾಗೆ ಕೊಟ್ಟೆ. ಧಾರವಾಡದವರು, ಬ್ಯಾಂಕಿನಿಂದ ರಿಟೈರ್ ಆದವರು. ದಿನಾ ವಾಕಿಂಗ್ ಮುಗಿಸಿ ಬಂದು ಸೋರೆಕಾಯಿ ಜ್ಯೂಸು ಕುಡಿಯುತ್ತಾರೆ.

ಮರುದಿನ ಸಣ್ಣ ಕಾಯಿಯ ಪಲ್ಯ ಮಾಡಿ ಮಗಳ ಟಿಫಿನ್ನಿಗೆ ತುಂಬುತ್ತಿದ್ದೆ. ಒಂದು ಚೂರು ಬಾಯಿಗೆ ಹಾಕಿದವಳೇ ಸಿಂಕಿಗೆ ಓಡಿ ಉಗುಳಿದಳು.

"ಛೀ ಮಮ್ಮಿ, ಕಿತ್ನಾ ಕಡ್ವಾ ಹೈ!"

ಕಹಿಯೇ? ಸೋರೆಕಾಯಿ ಹೆಚ್ಚುವ ಮೊದಲು ಅಮ್ಮ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. "ಕಹಿ ಉಂಟಾದ್ರೆ ಬಿಸಾಡ್ಬೇಕು ಮಗಾ, ಅದು ವಿಷ." ಅದನ್ನು ನಾನು ಮರೆತೇಬಿಟ್ಟಿದ್ದೆ. ಬೇಯಿಸಿದ್ದೇ ಇಷ್ಟು ಕಹಿಯಾದರೆ, ಹಸಿ ಜ್ಯೂಸು?

ಬಾಗಿಲು ತೆಗೆದವರು ಕಾಕಾರ ಹೆಂಡತಿ, ಕಾಕು. ಕಾಕಾ ಸೋಫಾದಲ್ಲಿ ಕೂತಿದ್ದರು. ಎದುರಿಗೆ ಖಾಲಿ ಲೋಟ.

"ಬಾರವಾ. ನಿನ್ನ ಸೋರಿಕಾಯಿ ಜ್ಯೂಸ ಭಾಳ ಛೊಲೋ..." ಮಾತು ಮುಗಿಯಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಬಾತ್‌ರೂಮಿಗೆ ಓಡಿದರು.

ನನ್ನ ಗಂಡ ರಿಕ್ಷಾ ತಂದರು. ಆಸ್ಪತ್ರೆ ತಲುಪುವಷ್ಟರಲ್ಲಿ ಕಾಕಾರ ಬಿಪಿ ಇಳಿದಿತ್ತು. ಡ್ರಿಪ್, ಇಂಜೆಕ್ಷನ್, ಐಸಿಯು. ಹೊರಗಿನ ಬೆಂಚಿನಲ್ಲಿ ಕಾಕು ಪಕ್ಕ ಕೂತಿದ್ದೆ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ದೇವರೇ, ಈ ಮನುಷ್ಯ ಎದ್ದು ಕೂತರೆ ಸಾಕು ಅಂತ ಅದೆಷ್ಟು ಸಲ ಬೇಡಿಕೊಂಡೆನೋ.

ಗುರುವಾರ ವಾರ್ಡಿಗೆ ತಂದರು. ನಾನು ಕೇಳಿಯೇಬಿಟ್ಟೆ, "ಕಾಕಾ, ನಿಮಗೆ ಕಹಿ ಗೊತ್ತಾಗ್ಲಿಲ್ವಾ?"

"ಮೊದಲನೇ ಗುಟುಕಿಗೇ ಗೊತ್ತಾತು. ಆದ್ರ ನೀ ಅಷ್ಟ ಪ್ರೀತಿಲೇ ತಂದಕೊಟ್ಟೀದಿ. ಚೆಲ್ಲೋದು ಹ್ಯಾಂಗವಾ?"

ಕಾಕು ಅವರನ್ನೇ ದಿಟ್ಟಿಸಿದರು. "ಹಂಗಾರ ಇಷ್ಟ ವರ್ಷ ನನ್ನ ಅಡಿಗಿಗೆ ಛೊಲೋ ಅದ, ಛೊಲೋ ಅದ ಅಂದಿದ್ದೂ ಹಿಂಗ ಏನು?"

ಕಾಕಾ ಕಣ್ಣು ಮುಚ್ಚಿ ನಿದ್ದೆ ನಟಿಸಿದರು. ಆ ಮೂರು ದಿನಗಳಲ್ಲಿ ಮೊದಲ ಬಾರಿಗೆ ನಾನು ನಕ್ಕೆ, ಜೊತೆಗೇ ಅಳುವೂ ಬಂತು.

ಮನೆಗೆ ಬಂದು ಬಳ್ಳಿ ಕಿತ್ತುಹಾಕಿದೆ. ಆದರೆ ಕಾಕಾರ ಮಾತು ಕೀಳಲಾಗುತ್ತಿಲ್ಲ. ನಾವೆಲ್ಲ ಹೀಗೇ ಅಲ್ಲವೇ? ನೆಂಟರ ಮನೆಯ ಉಪ್ಪಿಲ್ಲದ ಸಾರು, ಬಾಸ್‌ನ ಹಳಸಲು ಜೋಕು, ಗೆಳತಿಯ ತಪ್ಪು ನಿರ್ಧಾರ, ಎಲ್ಲಕ್ಕೂ 'ಚೆನ್ನಾಗಿದೆ' ಎನ್ನುತ್ತೇವೆ. (ಈ ಅಂಕಣಕ್ಕೆ ಬರುವ 'ಸೂಪರ್ ಮೇಡಂ' ಮೆಸೇಜುಗಳ ಮೇಲೂ ಈಗ ನನಗೆ ಡೌಟು.) ಎದುರಿನವರ ಮನಸ್ಸು ನೋಯಬಾರದೆಂದು ನುಂಗುತ್ತೇವೆ.

ಬಾಯಿಗೆ ಬಂದ ಕಹಿಯನ್ನು ಉಗುಳುವುದನ್ನು ನಾವು ಯಾವ ವಯಸ್ಸಿನಲ್ಲಿ ಮರೆಯುತ್ತೇವೆ?