ಅವ್ವನ ಹುಟ್ಟುಹೆಸರು

ಅಕ್ಷರ ತಿದ್ದಿಸಿದ ಗುರುವಿಗೆ, ಹುಟ್ಟಿದಂದಿನಿಂದ ಬಾಯಿಗೆ ನೀರು ಕೊಟ್ಟ ಕೃಷ್ಣೆಗೆ, ಈ ವಯಸ್ಸಿನಲ್ಲೂ ಪೂಜೆಗೆ ಕೂಡುವಷ್ಟು ಮೊಣಕಾಲು ಉಳಿಸಿರುವ ಕುಲದೇವರಿಗೆ ಮೊದಲು ಕೃತಜ್ಞತೆಯ ನಮಸ್ಕಾರ. ನಮಸ್ಕಾರ ಮುಗಿಯಿತು, ಇನ್ನು ಸಂಕೋಚದ ಮಾತು. ನನಗೆ ನನ್ನ ತಾಯಿಯ ಹೆಸರು ಗೊತ್ತಿಲ್ಲ.

ಜಮಖಂಡಿಯ ನಮ್ಮ ಮನೆಯಲ್ಲಿ ಅವಳು ರುಕ್ಮಿಣಿ. ಆದರೆ ಅದು ಮದುವೆಯ ದಿನ ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ನನ್ನ ತಂದೆ ಉಂಗುರದಿಂದ ಬರೆದ ಹೆಸರು. ನಮ್ಮ ಮನೆತನಗಳ ಸಂಪ್ರದಾಯವೇ ಹಾಗೆ: ಸೊಸೆ ಹೊಸ್ತಿಲು ದಾಟಿ ಬಂದರೆ ಹೊಸ ಹೆಸರು, ಹಳೆಯದು ತವರಿನಲ್ಲೇ ಉಳಿಯಬೇಕು. ನಾನಾದರೋ ಬಹುಕಾಲ ಶಾಲೆಯಲ್ಲಿ ವ್ಯಾಕರಣ ಕಲಿಸಿದವನು. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮಕ್ಕಳಿಂದ ಗಂಟಲು ಹರಿಯುವಂತೆ ಹೇಳಿಸಿದವನು. ಭಗವಂತನ ಸಾವಿರ ನಾಮಗಳನ್ನು ದಿನವೂ ತಡವರಿಸದೆ ಹೇಳುತ್ತೇನೆ. ಹೆತ್ತವಳ ಅಂಕಿತನಾಮವೊಂದನ್ನು ಕೇಳಿದರೆ ಮಾತ್ರ ಹಿಂದಿನ ಬೆಂಚಿನ ಹುಡುಗನಂತೆ ಜಂತಿ ಎಣಿಸುತ್ತೇನೆ.

ಈ ಕೊರಗು ಎದ್ದದ್ದು ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿದಾಗ. ಬನಹಟ್ಟಿಯಲ್ಲಿರುವ ನನ್ನ ಅಕ್ಕ ಫೋನಿನಲ್ಲೇ ಅಪ್ಪಣೆ ಮಾಡಿದಳು: “ತಮ್ಮಾ, ಕೂಸಿಗೆ ಅವ್ವನ ಹೆಸರ ಇಡಬೇಕು. ರುಕ್ಮಿಣಿ ಅಲ್ಲ, ಆಕಿ ಖರೇ ಹೆಸರ. ‘ನಂದು ಬ್ಯಾರೇನ ಹೆಸರಿತ್ತು’ ಅಂತ ಒಮ್ಮೆ ಅಂದಿದ್ಲು. ನಾ ಸಣ್ಣಾಕಿ, ಏನಂತ ಕೇಳಲಿಲ್ಲ. ನಾ ಕಣ್ಣ ಮುಚ್ಚೋದ್ರಾಗ ಹುಡುಕಿ ಕೊಡು.” ಅವ್ವ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಎತ್ತಿ ಬೆಳೆಸಿದವಳು ಅಕ್ಕ. ಅವಳ ಮಾತು ಮೀರುವಷ್ಟು ನಾನಿನ್ನೂ ದೊಡ್ಡವನಾಗಿಲ್ಲ.

ಇಂಗ್ಲೆಂಡಿನ ಯಾವುದೋ ಜಿಲ್ಲೆಯಲ್ಲಿ ಜನ ಚರ್ಚಿನ ಹಳೆಯ ದಾಖಲೆ ತೆರೆದು, ಅಜ್ಜಿಯ ಅಜ್ಜಿ ಯಾರ ಮಗಳೆಂಬುದನ್ನು ಚಹಾ ಆರುವುದರೊಳಗೆ ಓದಿಬಿಡುತ್ತಾರೆಂದು ನನ್ನ ಅಳಿಯ ಹೇಳಿದ. ಅಲ್ಲಿಯ ಹೆಣ್ಣುಮಕ್ಕಳು ಮದುವೆಯಾದರೆ ಅಡ್ಡಹೆಸರನ್ನಷ್ಟೇ ಬಿಡುತ್ತಾರಂತೆ. ನಮ್ಮ ವಂಶಾವಳಿಯನ್ನು ನಾನೂ ಬಿಚ್ಚಿ ನೋಡಿದೆ. ಅದರಲ್ಲಿ ತಲೆತಲಾಂತರದಿಂದ ಗಂಡಸರು ಗಂಡಸರಿಗೇ ಹುಟ್ಟುತ್ತ ಬಂದಿದ್ದಾರೆ.

ಸೊಸೆಯನ್ನು ತವರೂರಿನಿಂದ ಗುರುತಿಸುವುದು ಇಲ್ಲಿಯ ರೂಢಿ. ಓಣಿಯವರು ನನ್ನನ್ನು ‘ಹುನ್ನೂರಾಕಿ ಮಗ’ ಎಂದೇ ಕರೆಯುತ್ತಿದ್ದರು. ಹೀಗಾಗಿ ಹುನ್ನೂರಿಗೆ ಹೋದೆ, ಮತ್ತೆ ಹೋದೆ, ಕಂಡ ಕಟ್ಟೆಯ ಮೇಲೆಲ್ಲ ಕೂತೆ. ಕೊನೆಗೊಬ್ಬ ಹಿರಿಯರು ಕನಿಕರಪಟ್ಟರು: “ಮಾಸ್ತರ್ರ, ಆಕಿ ನಮ್ಮೂರ ಮಗಳಲ್ರೀ. ಇಲ್ಲಿ ಆಕಿ ಸ್ವಾದರಮಾವನ ಮನಿ ಇತ್ತು. ಲಗ್ನ ಅಷ್ಟ ಇಲ್ಲಿ ಆತು. ಉಂಡ ಊರನ್ನ ತವರೂರು ಅಂತ ತಿಳಕೊಂಡು ಹೋಗ್ಯಾರ ನಿಮ್ಮ ಗಂಡಿನ ಕಡಿ ಮಂದಿ! ಖರೇ ತವರು ಚಿಕ್ಕಪಡಸಲಗಿ.”

ನಮ್ಮ ಕಡೆಯವರಿಗೆ ಹೋಳಿಗೆಯ ನೆನಪು ಹೆಣ್ಣಿನ ನೆನಪಿಗಿಂತ ಗಟ್ಟಿಯಾಗಿ ನಿಂತಿತ್ತು ಎಂದುಕೊಂಡು ಚಿಕ್ಕಪಡಸಲಗಿಗೆ ಹೋದೆ. ಅಲ್ಲಿ ಗೋದಾ ಮೌಶಿ ಸಿಕ್ಕಳು. ಅವ್ವನ ಚಿಕ್ಕಪ್ಪನ ಮಗಳು, ನನಗೆ ಚಿಕ್ಕಮ್ಮ. ಗಂಡ ತೀರಿದ ಮೇಲೆ ತವರಿಗೆ ಬಂದು ನೆಲೆಸಿದವಳು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು.

“ಮೌಶಿ, ನಮ್ಮವ್ವಗ ಇಲ್ಲಿ ಏನಂತಿದ್ರಿ?”

“ಅವ್ವಕ್ಕ ಅಂತಿದ್ವಿ.”

“ಅದು ಕರಿಯೂ ಹೆಸರು. ಇಟ್ಟ ಹೆಸರು?”

“ಇಟ್ಟದ್ದು ನಮ್ಮ ಅಜ್ಜೀದು. ಅತ್ತೀ ಹೆಸರ ಸೊಸಿ ಬಾಯಾಗ ಬರಬಾರದಲ್ಲೋ? ಅದಕ್ಕ ನಿಮ್ಮವ್ವನ ಅವ್ವ ಮಗಳಿಗೆ ಅವ್ವಕ್ಕ ಅಂದ್ಲು. ನಾವೂ ಹಂಗ ಅಂದ್ವಿ.”

ನಾನು ಮುಂದಕ್ಕೆ ಸರಿದು ಕೂತೆ. “ಹಂಗಾರ ಆ ಅಜ್ಜಿ ಹೆಸರೇನು?”

ಮೌಶಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಏ ಹುಚ್ಚಾ, ಅಜ್ಜಿಗೆ ಯಾರರ ಹೆಸರ ಹಿಡದ ಕರೀತಾರೇನು? ಅಜ್ಜಿ ಅಂತಿದ್ವಿ!”

ಅದರಾಚೆ ಕೇಳಲು ಯಾರೂ ಉಳಿದಿರಲಿಲ್ಲ. ಮೌಶಿ ಕೊಟ್ಟ ಅವಲಕ್ಕಿ ತಿಂದು ಎದ್ದೆ. ತವರಿನವರು ಗೌರವದಿಂದ ಆ ಹೆಸರನ್ನು ಉಚ್ಚರಿಸಲಿಲ್ಲ. ಗಂಡನ ಮನೆಯವರು ಸಂಪ್ರದಾಯದಿಂದ ಅಳಿಸಿದರು. ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲೊಮ್ಮೆ ಕೇಳಿದ್ದಷ್ಟೇ. ಆ ಹೆಸರಿನಿಂದ ಅವಳನ್ನು ಊಟಕ್ಕೆ ಕರೆದವರಿಲ್ಲ, ಗದರಿಸಿದವರೂ ಇಲ್ಲ. ಶ್ರಾದ್ಧದ ದಿನ ನಾನು ‘ರುಕ್ಮಿಣಿ’ ಎಂದು ಎಳ್ಳುನೀರು ಬಿಡುತ್ತ ಬಂದಿದ್ದೇನೆ. ಆ ಎರವಲು ಹೆಸರಿಗೆ ಅವಳು ತಿರುಗಿ ನೋಡುತ್ತಾಳೆಯೇ ಎಂಬ ಪ್ರಶ್ನೆಗೆ ನಾನೋದಿದ ಯಾವ ಶಾಸ್ತ್ರವೂ ನನಗೆ ಉತ್ತರ ಕೊಟ್ಟಿಲ್ಲ.

ಬನಹಟ್ಟಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, “ಪಾಪ, ಕಡೀ ತನಕಾ ಯಾರ ಬಾಯಾಗೂ ಬರಲಿಲ್ಲ ಆಕಿ” ಎಂದಳು.

ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಅಕ್ಕನನ್ನೇ ಕೂಡಿಸಿದೆವು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಹುಸಿಗುದ್ದು ಹಾಕಿದರು. “ಸಾಕ ಬಿಡ್ರೇ, ಎಲುಬು ಹಳೇವು!” ಎನ್ನುತ್ತ ಅವಳು ಬಾಗಿದಳು. ಪಿಸುಗುಟ್ಟಲಿಲ್ಲ, ಪಡಸಾಲೆಗೆಲ್ಲ ಕೇಳುವಂತೆ “ಅವ್ವಕ್ಕಾ!” ಎಂದಳು. ಹುಡುಗಿಯರು ನಕ್ಕರು. ಅಕ್ಕ ಹಣೆ ಗಂಟಿಕ್ಕಿ, “ನಗ್ರಿ. ಆದ್ರ ಕರೀರಿ. ಸೊಸಿ ಬರಲಿ, ಮೊಮ್ಮಕ್ಕಳು ಬರಲಿ, ಈ ಹೆಸರ ಯಾರೂ ನುಂಗಬಾರದು” ಎಂದಳು.

ಇದು ಸಮಾಧಾನವೆಂದು ನಾನು ಹೇಳಲಾರೆ. ಕಳೆದದ್ದು ಕಳೆದೇ ಹೋಯಿತು. ಆದರೂ ತಪ್ಪು ಊರಿನಲ್ಲಿ ಸರಿಯಾದ ದಾರಿ ತೋರಿಸಿದ ಹುನ್ನೂರಿನ ಹಿರಿಯರಿಗೆ, ಗೋದಾ ಮೌಶಿಗೆ, ನನ್ನ ಅಕ್ಕನಿಗೆ, ಆ ಬೆನ್ನು ಗುದ್ದಿದ ಕೈಗಳಿಗೆಲ್ಲ ಆಯುರಾರೋಗ್ಯ ಲಭಿಸಲಿ. ಕೂಸು ನೂರ್ಕಾಲ ಕರೆಸಿಕೊಳ್ಳಲಿ. ನಾವು ಯಾವ ಹೆಸರಿನಿಂದ ಕರೆದರೂ ಓಗೊಡುವ ದೇವರು, ನಮ್ಮ ತಾಯಂದಿರನ್ನು ಮಾತ್ರ ಅವರವರ ಹೆಸರು ಹಿಡಿದೇ ಕರೆಯಲಿ.