ನಾನು ಕಡಿದ ಕುಂಬಳಕಾಯಿ

ಆಗೆಲ್ಲ ನಮ್ಮ ನಾವುಂದದಲ್ಲಿ ಕುಂಬಳಕಾಯಿಗೆ ಬರವಿರಲಿಲ್ಲ, ಬರವಿದ್ದದ್ದು ಗಂಡಸರಿಗೆ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಆಚೀಚೆಯ ಆರು ಮನೆಗಳಲ್ಲಿ ನಾಲ್ಕು ಮನೆಯ ಗಂಡಸರು ಮುಂಬಯಿಯ ಹೋಟೆಲುಗಳಲ್ಲಿ ದೋಸೆ ಹೊಯ್ಯುತ್ತಲೋ ವಡೆ ಕರಿಯುತ್ತಲೋ ಇದ್ದರು. ನಮ್ಮ ಅಪ್ಪಯ್ಯನೂ ಅವರಲ್ಲೊಬ್ಬರು. ಊರಿನ ಗದ್ದೆ, ದನ, ಬಾವಿ, ಮಕ್ಕಳು, ಮುದುಕರು ಎಲ್ಲ ಹೆಂಗಸರ ತಲೆಯ ಮೇಲೆ. ನಮ್ಮಮ್ಮ ತೆಂಗಿನಕಾಯಿ ಸುಲಿಯುತ್ತಿದ್ದಳು, ಹಟ್ಟಿಯ ಮಾಡಿಗೆ ಹತ್ತಿ ಹುಲ್ಲು ಹೊದೆಸುತ್ತಿದ್ದಳು, ಒಂದು ಸಲ ಕೊಟ್ಟಿಗೆಗೆ ಬಂದ ಹಾವನ್ನೂ ಹೊಡೆದಿದ್ದಳು. ಆದರೆ ಇಡೀ ಕುಂಬಳಕಾಯಿಗೆ ಮೊದಲ ಗೀರು ಹಾಕುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ.

ಅದಕ್ಕೆ ಗಂಡಸೇ ಆಗಬೇಕು. ಇಡೀ ಕುಂಬಳಕಾಯಿ ಅಂದರೆ ಮನೆಯ ಹಿರಿಮಗನ ಹಾಗಂತೆ. ಹೆಂಗಸು ಅದಕ್ಕೆ ಕತ್ತಿ ಇಟ್ಟರೆ ಮನೆಯ ಗಂಡಿಗೆ ಕೇಡಂತೆ. ಗಂಡಸು ಒಂದು ಗೀರು ಹಾಕಿಕೊಟ್ಟರೆ ಸಾಕು, ಆಮೇಲೆ ಹೆಂಗಸು ಅದನ್ನು ಮೆಟ್ಟುಕತ್ತಿಯ ಮುಂದೆ ಕೂತು ನೂರು ಚೂರು ಮಾಡಬಹುದು. ಆಗ ಹಿರಿಮಗನಿಗೆ ಏನೂ ಆಗುವುದಿಲ್ಲ. ಬೀಜ ಹಾಕಿದವಳು ಅಮ್ಮ, ಬಳ್ಳಿಗೆ ಬೂದಿ ಉದುರಿಸಿದವಳು ಅಮ್ಮ, ದಿನಾ ಎರಡು ಕೊಡಪಾನ ನೀರು ಹೊಯ್ದವಳು ನಾನು. ಗೀರು ಹಾಕಲು ಮಾತ್ರ ಪಕ್ಕದ ಮನೆಯ ಶೀನಣ್ಣ ಬರಬೇಕು.

ಶೀನಣ್ಣ ಸೊಂಟನೋವೆಂದು ಮುಂಬಯಿ ಬಿಟ್ಟು ಬಂದವರು. ಹಾಗಾಗಿ ನಮ್ಮ ಕೇರಿಗೆ ಸದಾ ಸಿಗುವ ಗಂಡಸು ಅವರೊಬ್ಬರೇ. ಅದರ ಗತ್ತೂ ಅವರಿಗಿತ್ತು. ಕರೆದ ಕೂಡಲೇ ಬರುವವರಲ್ಲ. ಬಂದರೂ ಮೊದಲು ಚಾ ಆಗಬೇಕು, ಎಲೆಯಡಿಕೆ ಆಗಬೇಕು, ಆಮೇಲೆ "ಹ್ವಾಯ್, ಕತ್ತಿ ತನ್ನಿ ಕಾಂಬ" ಎಂದು ಒಂದು ಗೀರು ಎಳೆದು ಕೈ ಒರೆಸಿಕೊಳ್ಳುವರು. ಅಷ್ಟರಲ್ಲಿ ಅಮ್ಮನ ಒಲೆ ಆರಿರುತ್ತಿತ್ತು.

ಇಷ್ಟೆಲ್ಲ ಕಾಯುತ್ತಿದ್ದದ್ದು ಒಂದು ಗೊಜ್ಜಿಗಾಗಿ. ನಮ್ಮ ಮನೆಯಲ್ಲಿ ಅದಕ್ಕೆ ನುರಿಗೊಜ್ಜು ಎನ್ನುತ್ತಿದ್ದೆವು. ಆಶ್ವೀಜದಲ್ಲಿ ಮಳೆ ಹಿಂದೆ ಸರಿದು ಗದ್ದೆ ಹಳದಿಗೆ ತಿರುಗುವ ಹೊತ್ತಿಗೆ ಹಟ್ಟಿಯ ಮಾಡಿನ ಮೇಲೆ ಸಿಹಿಗುಂಬಳ ಕೆಂಪಾಗುತ್ತಿತ್ತು. ಬಾವಿಕಟ್ಟೆಯ ಪಕ್ಕ ಕೆಂಪು ಹರಿವೆ ಮೊಣಕಾಲೆತ್ತರ ಬಂದಿರುತ್ತಿತ್ತು. ಬಟಾಟೆಯೊಂದೇ ಸಂತೆಯಿಂದ ಬರಬೇಕಾದದ್ದು. ಬಟಾಟೆಯನ್ನೂ ಕುಂಬಳವನ್ನೂ ಮಣ್ಣಿನ ಮಡಕೆಯಲ್ಲಿ ಬೇಯಿಸಿ, ಹರಿವೆ ಸೊಪ್ಪನ್ನು ಬೇರೆಯಾಗಿ ಅದರದ್ದೇ ನೀರಿನಲ್ಲಿ ಬಾಡಿಸಿ, ಮೂರನ್ನೂ ಬಿಸಿಯಿದ್ದಾಗಲೇ ಕೈಯಲ್ಲಿ ನುರಿಯಬೇಕು. ಆಮೇಲೆ ಉಪ್ಪಿನ ಜೊತೆ ಜಜ್ಜಿದ ಸೂಜಿಮೆಣಸು, ಮೇಲಿಂದ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ಕೆಂಪಾಗುವ ಪರಿಮಳಕ್ಕೆ ಹಟ್ಟಿಯ ದನವೂ ತಲೆಯೆತ್ತುತ್ತಿತ್ತು. ಸೊಪ್ಪಿನ ಕೆಂಪು, ಕುಂಬಳದ ಹಳದಿ, ಬಟಾಟೆಯ ಬಿಳಿ ಎಲ್ಲ ಸೇರಿ ಅದಕ್ಕೊಂದು ಹೆಸರಿಲ್ಲದ ಬಣ್ಣ ಬರುತ್ತಿತ್ತು. ಅಜ್ಜಿಗೆ, ಅಂದರೆ ಅಪ್ಪಯ್ಯನ ತಾಯಿಗೆ, ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಕುಚ್ಚಲಕ್ಕಿ ಗಂಜಿಗೆ ನುರಿಗೊಜ್ಜು ಸಿಕ್ಕಿದ ದಿನ ಅವಳು ತಟ್ಟೆಯನ್ನು ಬೆರಳಲ್ಲಿ ಒರೆಸಿ ನೆಕ್ಕುತ್ತಿದ್ದಳು.

ನಾನು ಆರನೇ ಕ್ಲಾಸಿನಲ್ಲಿದ್ದೆ. ಆ ವರ್ಷ ನವರಾತ್ರಿಯ ಹೊತ್ತಿಗೆ ಅಜ್ಜಿಗೆ ಜ್ವರ ಹಿಡಿದು ಹತ್ತು ದಿನ ಬಿಡಲಿಲ್ಲ. ಬಿಟ್ಟ ಮೇಲೆ ಬಾಯಿಗೆ ಏನೂ ರುಚಿಸದು. ಗಂಜಿ ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ದೂಡುತ್ತಿದ್ದಳು. ಕೈ ಎಲ್ಲ ಕಡ್ಡಿಯಾಗಿತ್ತು. ಅಂಥ ಹೊತ್ತಿನಲ್ಲಿ ಅಪ್ಪಯ್ಯನ ಕಾಗದ ಬಂತು. ಅಜ್ಜಿಯ ಚಾಪೆಯ ಪಕ್ಕ ಕೂತು ನಾನೇ ಓದಿದೆ. ಅಕ್ಷರ ಅಪ್ಪಯ್ಯನದ್ದಲ್ಲ. ಕೆಲಸ ಜಾಸ್ತಿ, ಹಾಗಾಗಿ ಗೆಳೆಯನ ಕೈಯಲ್ಲಿ ಬರೆಸಿದ್ದೇನೆ, ಎಲ್ಲ ಸೌಖ್ಯ ಎಂದು ಅದರಲ್ಲಿತ್ತು.

"ಕಾಣ್, ನನ್ ಮಗಂಗೆ ಬರುಕೂ ಪುರ್ಸೊತ್ತಿಲ್ಲೆ" ಎಂದು ಅಜ್ಜಿ ನಿಟ್ಟುಸಿರು ಬಿಟ್ಟಳು. ಆಮೇಲೆ ಅಮ್ಮನ ಕಡೆ ತಿರುಗಿ ಹೇಳಿದಳು. "ಬಾಯೆಲ್ಲ ಕಹಿ ಕಹಿ. ಒಂಚೂರ್ ನುರಿಗೊಜ್ಜ್ ಇದ್ರೆ ಎರ್ಡ್ ತುತ್ತ್ ಇಳಿತಿತ್ತ್."

"ಕುಂಬ್ಳಕಾಯಿ ಇತ್ತ್ ಅತ್ತೆ. ಕಡುಕೆ ಗಂಡ್ಸ್ ಬೇಕಲೆ. ಶೀನಣ್ಣ ಬೀಜಾಡಿಗೆ ಮಗ್ಳ್ ಮನಿಗ್ ಹೋಯಿದ್ರ್" ಎಂದಳು ಅಮ್ಮ.

ಶೀನಣ್ಣ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕೊಯ್ಲಿನ ಕಾಲ, ಉಳಿದ ಒಬ್ಬಿಬ್ಬರು ಗಂಡಸರು ಯಾರ‍್ಯಾರದೋ ಗದ್ದೆಯಲ್ಲಿ. ಕುಂಬಳಕಾಯಿ ಅಡುಗೆಮನೆಯ ಮೂಲೆಯಲ್ಲಿ ಗುಂಡಗೆ ಕೂತಿತ್ತು. ಅಜ್ಜಿ ಚಾಪೆಯ ಮೇಲೆ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅಮ್ಮ, ಶೀನಣ್ಣ ಬಂದರೋ ನೋಡಿಕೊಂಡು ಬರುತ್ತೇನೆಂದು ಬಸ್‌ಸ್ಟಾಪಿನ ಕಡೆ ಹೋದಳು. ನಾನು ಕತ್ತಿ ಹಿಡಿದು ಅಜ್ಜಿಯ ಹತ್ತಿರ ನಿಂತೆ.

"ಅಜ್ಜಿ, ನಾನೇ ಕಡಿತೆ."

ಅಜ್ಜಿ ನನ್ನನ್ನೂ ಕತ್ತಿಯನ್ನೂ ನೋಡಿದಳು. "ನಿನ್ನಮ್ಮ ಬೈತ್ಲ್."

"ಬೈಲಿ."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ನಾ ಕಣ್ ಮುಚ್ಕಂಡ್ ಮನಿಕಂತೆ. ನಾ ಕಾಣ್ಲಿಲ್ಲೆ, ನೀ ಕಡಿಲಿಲ್ಲೆ. ಆಯ್ತಾ? ಬೆರ್ಳ್ ಜಾಗ್ರತೆ ಹೆಣ್ಣೆ."

ಕಡಿದೆ. ಆಕಾಶ ಬೀಳಲಿಲ್ಲ. ಒಳಗೆ ಅರಿಶಿನದಂಥ ತಿರುಳು, ನೂರಾರು ಬೀಜ, ತಣ್ಣಗಿನ ಹಸಿ ವಾಸನೆ. ಹರಿವೆ ಕಿತ್ತು ತಂದೆ, ಬಟಾಟೆ ತೊಳೆದೆ, ಅಮ್ಮ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆನಲ್ಲ, ಹಾಗೆಯೇ ಮಾಡಿದೆ. ನುರಿಯುವಾಗ ಅಂಗೈ ಸುಟ್ಟಿತು, ಉಪ್ಪು ಒಂದು ಕಲ್ಲು ಹೆಚ್ಚಾಯಿತು. ಅಜ್ಜಿ ಎದ್ದು ಗೋಡೆಗೆ ಒರಗಿ ಕೂತು ಒಂದು ಬಟ್ಟಲು ಗಂಜಿ ಪೂರ್ತಿ ಉಂಡಳು. ಎಷ್ಟೋ ದಿನದ ಮೇಲೆ ಅವಳ ಹಣೆಯಲ್ಲಿ ಬೆವರು ಕಂಡದ್ದು ಆಗಲೇ.

ಅಷ್ಟರಲ್ಲಿ ಅಮ್ಮ ಶೀನಣ್ಣನನ್ನು ಬಸ್ಸಿಂದ ಇಳಿದ ಹಾಗೆಯೇ ಚೀಲ ಸಮೇತ ಕರೆದುಕೊಂಡು ಬಂದಳು. ಗೊಜ್ಜಿನ ಮಡಕೆ ನೋಡಿ ಇಬ್ಬರೂ ಹೊಸ್ತಿಲಲ್ಲೇ ನಿಂತರು.

"ಎಂತದಿದ್? ಕಡ್ದದ್ ಯಾರ್?" ಎಂದರು ಶೀನಣ್ಣ.

"ಕಡ್ದಾಯ್ತಲೆ. ಕೂತ್ಕಣಿ, ನೀವೂ ಎರ್ಡ್ ತುತ್ತ್ ಉಣ್ಣಿ" ಎಂದಳು ಅಜ್ಜಿ.

ಅಮ್ಮನ ಮುಖ ಬಿಳಿಚಿತು. ಶೀನಣ್ಣ ಕೂತರು, ಉಂಡರು, ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೂ ಉಂಡರು. ಉಪ್ಪು ಹೆಚ್ಚಾಯಿತೆಂದು ಹೇಳಲೂ ಮರೆಯಲಿಲ್ಲ.

ಅದಾಗಿ ನಾಲ್ಕನೆಯ ದಿನ ಎದುರು ಮನೆಯ ಫೋನಿಗೆ ಮುಂಬಯಿಯಿಂದ ಕರೆ ಬಂತು. ಅಪ್ಪಯ್ಯನ ಜೊತೆ ಕೆಲಸ ಮಾಡುವವರು ಮಾತಾಡಿದರು. ಅಪ್ಪಯ್ಯನ ಬಲಗೈ ಮೇಲೆ ಕಾದ ಎಣ್ಣೆ ಬಿದ್ದಿದೆ, ಹೆದರುವುದು ಬೇಡ, ಆದರೆ ದೀಪಾವಳಿಗೆ ಊರಿಗೆ ಬರುವುದಿಲ್ಲ ಎಂದು ಹೇಳಿ ಇಟ್ಟುಬಿಟ್ಟರು. ಯಾವಾಗ ಬಿತ್ತು ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿತ್ತು, ಎಲ್ಲರಿಗೂ ಗೊತ್ತೇ ಇತ್ತಲ್ಲ. ಅಮ್ಮ ನನಗೆ ಹೊಡೆಯಲಿಲ್ಲ. "ಹೆಣ್ ಮಕ್ಳ್ ಕಡುಕಾಗ ಅಂದಿದ್ದೆ ಅಲ್ದಾ" ಎಂದು ಒಂದೇ ಮಾತು ಹೇಳಿ ಒಳಗೆ ಹೋದಳು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಶೀನಣ್ಣನಂತೂ ಮನೆಮನೆಯ ಜಗಲಿಯಲ್ಲಿ ಕೂತು "ನಂಗೆ ಅವತ್ತೇ ಎದಿ ದಸಕ್ ಅಂದಿತ್ತ್" ಎಂದು ಹೇಳಿಕೊಂಡು ಬಂದರು. ಎರಡನೆಯ ಸೌಟು ಹಾಕಿಸಿಕೊಳ್ಳುವಾಗ ಆ ಎದೆ ಎಲ್ಲಿ ಹೋಗಿತ್ತೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಸ್ಥಿತಿ ಅದಕ್ಕಿಂತ ಕಡೆಯಾಗಿತ್ತು. ಶಾಲೆಯಲ್ಲಿ ಯಾರಾದರೂ ಕುಂಬಳಕಾಯಿ ಎಂದರೂ ಸಾಕು, ನಾನು ತಲೆ ತಗ್ಗಿಸುತ್ತಿದ್ದೆ.

ಆದರೆ ನನ್ನದಿರಲಿ. ನನಗೆ ಇವತ್ತಿಗೂ ಸಿಟ್ಟು ಬರುವುದು ಅಜ್ಜಿಯ ವಿಷಯಕ್ಕೆ. ಅವಳು ನನ್ನ ಮೇಲೆ ಒಂದು ಚೂರೂ ತಪ್ಪು ಹೊರಿಸಲಿಲ್ಲ, ಎಲ್ಲವನ್ನೂ ತನ್ನ ಮೇಲೆ ಎಳೆದುಕೊಂಡಳು. "ಹೆಣ್ಣಿಂದ್ ಎಂತದೂ ತಪ್ಪಿಲ್ಲೆ. ನನ್ ಬಾಯ್ ಚಪಲಕ್ ಮಗನ್ ಕೈ ಸುಟ್ಟೋಯ್ತ್" ಎಂದಳು. ಎದ್ದು ನಡೆಯುವಷ್ಟು ಆದ ಕೂಡಲೇ ಅಮ್ಮನ ಜೊತೆ ಬಸ್ಸು ಹತ್ತಿ ಕುಂಭಾಶಿಗೆ ಹೋದಳು. ಮಗನ ಕೈ ಸರಿಯಾಗಲಿ, ಈ ಜನ್ಮಕ್ಕೆ ಕುಂಬಳಕಾಯಿ ಬಿಟ್ಟೆ ಎಂದು ಗಣಪತಿಯ ಎದುರು ಹೇಳಿ ಬಂದಳು.

ಕೆಲವರು ಕಾಶಿಗೆ ಹೋಗಿ ಬೇಡವಾದ ತರಕಾರಿ ಬಿಟ್ಟು ಬರುತ್ತಾರೆ. ನಮ್ಮಜ್ಜಿ ಬಿಟ್ಟದ್ದು ಅವಳಿಗೆ ಗಂಟಲಲ್ಲಿ ಇಳಿಯುತ್ತಿದ್ದ ಒಂದೇ ಒಂದು ಪದಾರ್ಥವನ್ನು. ಆಮೇಲೆ ಆಶ್ವೀಜ ಬಂದಾಗಲೆಲ್ಲ ಹಟ್ಟಿಯ ಮೇಲಿನ ಕಾಯಿಗಳನ್ನು ಅಮ್ಮ ಊರವರಿಗೆ ಹಂಚುತ್ತಿದ್ದಳು. ಪಕ್ಕದ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ಬಂದರೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ಬೇಸಿಗೆಯಲ್ಲಿ ಅಪ್ಪಯ್ಯ ಬಂದಾಗ ಅವರ ಎರಡು ಬೆರಳು ಮಡಚುತ್ತಿರಲಿಲ್ಲ. ಅಜ್ಜಿ ಆ ಕೈ ಹಿಡಿದು ಸವರುತ್ತ ಕೂರುತ್ತಿದ್ದಳು. ಕುಂಬಳಕಾಯಿಯ ಸುದ್ದಿ ಅಪ್ಪಯ್ಯನ ಹತ್ತಿರ ಎತ್ತಬಾರದೆಂದು ಅಮ್ಮನ ಕಟ್ಟಪ್ಪಣೆ. ಯಾರೂ ಎತ್ತಲಿಲ್ಲ.

ನಾಲ್ಕು ಆಶ್ವೀಜ ಹೀಗೆ ಕಳೆಯಿತು. ಐದನೆಯದು ಬರುವ ಮೊದಲೇ ಅಜ್ಜಿ ಹಾಸಿಗೆ ಹಿಡಿದಳು. ಕೊನೆಯ ವಾರ ನೀರು ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. "ಅಜ್ಜಿ, ಒಂಚೂರ್ ನುರಿಗೊಜ್ಜ್ ಮಾಡ್ಲಾ?" ಎಂದು ಕಿವಿಯಲ್ಲಿ ಕೇಳಿದೆ. ಅವಳ ಕಣ್ಣು ಒಂದು ಗಳಿಗೆ ಅರಳಿತು. ಆಮೇಲೆ ತುಟಿ ಬಿಗಿದು ತಲೆಯಾಡಿಸಿದಳು. "ಬಿಟ್ಟದ್ ಬಿಟ್ಟದ್ದೇ ಮಗಾ."

ಅದಾಗಿ ಹತ್ತು ವರ್ಷದ ಮೇಲೆ ಒಂದು ಚೌತಿಗೆ ತವರಿಗೆ ಹೋಗಿದ್ದೆ. ಅಪ್ಪಯ್ಯ ಮುಂಬಯಿ ಬಿಟ್ಟು ಊರಿಗೆ ಬಂದು ಕೂತಿದ್ದರು. ಕಡುಬು ತಿನ್ನುತ್ತ ಹಳೆಯದನ್ನೆಲ್ಲ ಹೇಳುತ್ತಿದ್ದರು.

"ಚೌತಿ ದಿನ ನಮ್ ಹೋಟ್ಲಂಗೆ ಕಾಲಿಡುಕ್ ಜಾಗ ಇಪ್ಪುದಿಲ್ಲೆ. ನಾ ಈ ಕೈ ಸುಟ್ಕಂಡದ್ದೂ ಚೌತಿ ದಿನವೇ."

ನನ್ನ ಕೈಯ ಕಡುಬು ತಟ್ಟೆಗೆ ಬಿತ್ತು. "ಚೌತಿಗಾ? ನವರಾತ್ರಿ ಕಳ್ದ್ ಮೇಲೆ ಅಲ್ದಾ?"

"ಚೌತಿಗೇ. ಅಬ್ಬಿಗೆ, ನಿನ್ನಜ್ಜಿಗೆ, ಬೇಜಾರಾತ್ತ್ ಅಂದ್ಹೇಳಿ ಮನಿಗೆ ಹೇಳ್ಬ್ಯಾಡ ಅಂದಿದ್ದೆ. ದೀಪಾವಳಿಗ್ ಬಪ್ಪುಕಾತಿಲ್ಲೆ ಅಂತಾದ್ಮೇಲೆ ಹೇಳ್ಸಿದ್ದ್. ಕಾಗ್ದ ಬೇರೆಯವ್ರ್ ಕೈಯಲ್ ಬರ್ಸಿದ್ದೆ, ನಿಮ್ಗ್ ಗೊತ್ತಾಯ್ಲಿಲ್ಯಾ?"

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೊಂಬೆ ಮುರಿದು ತಿಂಗಳಾದ ಮೇಲೆ ಕಾಗೆ ಕೂತಿತ್ತು. ಆದರೂ ಶಿಕ್ಷೆ ಕಾಗೆಗೇ ಆಯಿತು. ಕಬ್ಬಿಣದ ಪೆಟ್ಟಿಗೆ ತೆಗೆದು ಹುಡುಕಿದೆ. ಆ ಕಾಗದ ಅಲ್ಲೇ ಇತ್ತು, ಬೇರೆಯವರ ಅಕ್ಷರದಲ್ಲಿ. ಅಜ್ಜಿಯ ಪಕ್ಕ ಕೂತು ನಾನೇ ಗಟ್ಟಿಯಾಗಿ ಓದಿದ್ದ ಕಾಗದ. ಕುಂಬಳಕಾಯಿ ಕಡಿಯುವುದಕ್ಕೆ ಮೂರು ದಿನ ಮೊದಲೇ ಮನೆಗೆ ಬಂದ ಕಾಗದ. ಒಬ್ಬರಾದರೂ ಒಂದು ಸಲ ಪೆಟ್ಟಿಗೆ ತೆರೆದು ಯೋಚಿಸಿದ್ದರೆ ಸಾಕಿತ್ತು. ಗಂಡಸರ ಕೈ ಸುಟ್ಟರೆ ಹೆಣ್ಣಿನ ಕತ್ತಿ ಹುಡುಕುವುದು ನಮಗೆಲ್ಲ ಅಷ್ಟು ಅಭ್ಯಾಸವಾಗಿತ್ತು. ನನಗೂ ಆಗಿತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಅಮ್ಮನಿಗೆ ಕಾಗದ ತೋರಿಸಿದೆ. ಅವಳು ಹರಿವೆ ಸೋಸುತ್ತಿದ್ದಳು. "ಆಯ್ತಲೆ, ಹಳೆ ಸುದ್ದಿ ಈಗೆಂತಕ್ಕೆ" ಎಂದಳು. ಆದರೆ ಅವಳ ಕೈ ನಿಂತಿತ್ತು.

ಈಗ ಪೇಟೆಯ ಅಂಗಡಿಗಳಲ್ಲಿ ಕುಂಬಳಕಾಯಿಯನ್ನು ಹೋಳು ಮಾಡಿ ಪ್ಲಾಸ್ಟಿಕ್ ಸುತ್ತಿ ಇಡುತ್ತಾರೆ. ಮೊದಲ ಗೀರು ಹಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ, ಯಾವ ಹಿರಿಮಗನಿಗೂ ಏನೂ ಆದದ್ದು ಕಾಣೆ. ಇಷ್ಟು ಸುಲಭದಲ್ಲಿ ಹೋಗುವ ನಂಬಿಕೆಗೆ ನಮ್ಮಜ್ಜಿಯ ನಾಲ್ಕು ವರ್ಷದ ರುಚಿ ಹೋಯಿತು.

ಆ ವರ್ಷ ಚೌತಿ ಕಳೆದು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಬಡಿಸುವ ದಿನ ಮತ್ತೆ ತವರಿಗೆ ಹೋದೆ. ಹಟ್ಟಿಯ ಮಾಡಿನಿಂದ ಒಂದು ಕಾಯಿ ಇಳಿಸಿ ಎಲ್ಲರ ಎದುರೇ ಕಡಿದೆ. ನುರಿಗೊಜ್ಜು ಮಾಡಿ, ಅಜ್ಜಿಯ ಎಲೆಗೆ ಬಡಿಸಲು ಹೋದಾಗ ಅಮ್ಮ ಕೈ ಅಡ್ಡ ಇಟ್ಟಳು.

"ಬ್ಯಾಡ. ಅವ್ರ್ ಬಿಟ್ಟದ್ದನ್ ಬಡ್ಸುಕಾಗ."

"ಅವ್ರ್ ಬಿಟ್ಟದ್ದಲ್ಲ ಅಮ್ಮ, ನಾವ್ ಬಿಡ್ಸಿದ್ದ್" ಎಂದೆ.

ಅಮ್ಮ ಕೈ ತೆಗೆದಳು. ನಾನು ಎರಡು ಸೌಟು ಬಡಿಸಿದೆ. ಉಪ್ಪು ಸರಿಯಾಗಿತ್ತು, ಉಣ್ಣಬೇಕಾದವಳು ಇರಲಿಲ್ಲ.